ಕಿಟಕಿಕಟ್ಟೆಯ ಶೀಶೆಗಳು

ಆ ಎಣ್ಣೆ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೊಂದು ಹೆಸರಿತ್ತು. ಹಾಜರಿ ಪುಸ್ತಕದಲ್ಲಿದ್ದ ಹೆಸರು ಅದಲ್ಲ. ಎಲ್ಲರೂ ಅವಳನ್ನು ‘ಮೂಗಿನಕ್ಕ’ ಎನ್ನುತ್ತಿದ್ದರು. ಹದಿನೆಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ, ಚೀಟಿ ಕಿತ್ತುಹೋಗಿದ್ದ ಆರು ಶೀಶೆಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು, ಇದು ಸೀಮೆಎಣ್ಣೆ, ಇದು ವಿಮಾನದ ಎಣ್ಣೆ, ಇದು ಮೂರನೇ ಟ್ಯಾಂಕಿನ ಪೆಟ್ರೋಲು, ಇದೂ ಅದೇ ಪೆಟ್ರೋಲು, ಆದರೆ ಯಾರೋ ಪುಣ್ಯಾತ್ಮರು ಶೀಶೆಯನ್ನು ಸರಿಯಾಗಿ ತೊಳೆದಿಲ್ಲ, ತಳದಲ್ಲಿ ಡೀಸೆಲ್ಲಿದೆ, ಎಂದು ಹೇಳಿಬಿಟ್ಟಿದ್ದಳು. ಯಂತ್ರಕ್ಕೆ ಹಾಕಿ ನೋಡಿದರೆ ಆರಕ್ಕೆ ಆರೂ ಸರಿ. ಲ್ಯಾಬಿನ ಮುಖ್ಯಸ್ಥರೇ ಮೂಗಿನ ಮೇಲೆ ಬೆರಳಿಟ್ಟುಕೊಂಡರು, ಆ ಹೆಸರನ್ನೂ ಅವರೇ ಇಟ್ಟರು.

ಈಗ ನಿಜ ಹೇಳಿಬಿಡುತ್ತೇನೆ, ಯಾಕೆಂದರೆ ಅವಳಂತೂ ಯಾರಿಗೂ ಹೇಳಿರಲಿಲ್ಲ. ಆ ಮೂಗು ಸತ್ತು ಐದು ತಿಂಗಳಾಗಿತ್ತು. ಒಂದು ಕೆಟ್ಟ ನೆಗಡಿ ಬಂತು, ಹೋಯಿತು, ಹೋಗುವಾಗ ವಾಸನೆಯನ್ನೂ ಕೈಹಿಡಿದು ಕರೆದುಕೊಂಡು ಹೋಯಿತು. ತಪ್ಪೆಲ್ಲ ನೆಗಡಿಯದೇ ಎನ್ನಲಾಗದು. ಹದಿನೆಂಟು ವರ್ಷ ಪೆಟ್ರೋಲಿನ ಆವಿ ಕುಡಿದ ಮೂಗು ಮೊದಲೇ ಸೋತು ಕೂತಿತ್ತು. ಒಲೆಯ ಮೇಲೆ ಹಾಲು ಸೀದು ಕರಕಲಾಗಿ, ಹೊಗೆ ಕಣ್ಣಿಗೆ ಬಂದಾಗಲೇ ಅವಳಿಗೆ ಗೊತ್ತಾದದ್ದು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದಳು. ಬರಲಿಲ್ಲ. ಆಗಲೇ ಹೇಳಿಬಿಡಬೇಕಿತ್ತು. ಆದರೆ ಯಾವ ಬಾಯಲ್ಲಿ ಹೇಳುತ್ತಾಳೆ? ಅವಳ ಹತ್ತಿರ ದೊಡ್ಡ ಡಿಗ್ರಿ ಇರಲಿಲ್ಲ. ಅಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಎರಡು ಹೊಳ್ಳೆಗಳ ಮೇಲೆ ನಿಂತಿತ್ತು. ಹಾಗಾಗಿ ಶೀಶೆ ಬಂದರೆ ಎಂದಿನಂತೆಯೇ ಮುಚ್ಚಳ ತೆಗೆದು, ಕಣ್ಣು ಅರ್ಧ ಮುಚ್ಚಿ, ಅಂಗೈಯಿಂದ ಗಾಳಿ ಬೀಸಿಕೊಂಡು, ಗುಟ್ಟಾಗಿ ಬಣ್ಣ ನೋಡಿ, ಅಲುಗಿಸಿ ಗುಳ್ಳೆ ನೋಡಿ, ಅಂದಾಜಿನ ಮೇಲೆ ಹೇಳುತ್ತಿದ್ದಳು. ಅಷ್ಟು ವರ್ಷದ ಅಂದಾಜು ಸುಲಭಕ್ಕೆ ತಪ್ಪುವುದಿಲ್ಲ. ಯಾರಿಗೂ ಅನುಮಾನ ಬರಲಿಲ್ಲ.

ಎಣ್ಣೆಗಾದರೆ ಬಣ್ಣವಿದೆ, ನೀರಿಗೇನಿದೆ ಹೇಳಿ. ಕಾರ್ಖಾನೆಯ ಗೋಡೆಯ ಉದ್ದಕ್ಕೂ ಹನ್ನೆರಡು ಕಡೆ ನೆಲಕ್ಕೆ ಸಣ್ಣ ಕೊಳವೆ ಇಳಿಸಿದ್ದರು. ಮಣ್ಣಿನ ಕೆಳಗಿನ ನೀರಿಗೆ ಎಣ್ಣೆ ಏನಾದರೂ ಸೋರಿದೆಯೇ ಎಂದು ತಿಳಿಯುವುದಕ್ಕೆ. ತಿಂಗಳಿಗೊಮ್ಮೆ ಅಲ್ಲಿಂದ ನೀರೆತ್ತಿ ಹನ್ನೆರಡು ಕಂದು ಶೀಶೆಗಳಲ್ಲಿ ತರುತ್ತಿದ್ದರು. ಮೊದಲ ಪರೀಕ್ಷೆ ಮೂಗಿನದು. ಹಂಡೆ ನೀರಿಗೆ ಒಂದು ಹನಿ ಪೆಟ್ರೋಲು ಬಿದ್ದರೂ ಒಳ್ಳೆಯ ಮೂಗು ಹಿಡಿದುಬಿಡುತ್ತದೆ. ವಾಸನೆ ಇದೆ ಎಂದರೆ ಶೀಶೆ ಯಂತ್ರಕ್ಕೆ, ಇಲ್ಲ ಎಂದರೆ ನೀರು ಚೆಲ್ಲಿ ಶೀಶೆ ತೊಳೆದು ಬೋರಲು. ಮೂಗಿನಕ್ಕ ಹನ್ನೆರಡನ್ನೂ ಮೂಸಿದ ಹಾಗೆ ಮಾಡಿ, ರಿಜಿಸ್ಟರಿನಲ್ಲಿ ಹನ್ನೆರಡು ಸಾಲು ಬರೆಯುತ್ತಿದ್ದಳು: ವಾಸನೆ ಇಲ್ಲ, ವಾಸನೆ ಇಲ್ಲ, ವಾಸನೆ ಇಲ್ಲ. ಹತ್ತು ವರ್ಷದಿಂದ ಆ ಕೊಳವೆಗಳಲ್ಲಿ ಏನೂ ಸಿಕ್ಕಿರಲಿಲ್ಲ. ಈಗೇನು ಸಿಕ್ಕೀತು ಎಂದುಕೊಂಡಿದ್ದಳು.

ಏಳನೇ ಕೊಳವೆ ಇದ್ದದ್ದು ಅವಳ ಮನೆಯ ಹಿತ್ತಲ ಗೋಡೆಯಾಚೆಗೇ.

ಮನೆ ಎಂದರೆ ಕಾರ್ಖಾನೆಯವರಿಗೆಂದೇ ಕಟ್ಟಿದ ಹದಿನಾರು ಮನೆಗಳ ಸಾಲಿನಲ್ಲಿ ಒಂದು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ನಾಲ್ಕು ಗಿಡ, ಗಿಡಕ್ಕೂ ನೆಲ ತೊಳೆಯುವುದಕ್ಕೂ ಒಂದು ಕೈಪಂಪು. ಕುಡಿಯುವ ನೀರು ನಲ್ಲಿಯಲ್ಲಿ ಬರುತ್ತಿತ್ತು. ಗಂಡ ಎಣ್ಣೆ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು, ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ಮನೆಯಲ್ಲಿದ್ದವರು ಮಾವ ಮತ್ತು ಏಳು ವರ್ಷದ ಮಗಳು. ಕಡ್ಡಿಯಂಥ ಮೈ, ಅದರ ಮೇಲೆ ಗುಂಗುರು ಕೂದಲಿನ ದುಂಡು ತಲೆ, ಅದಕ್ಕೇ ಮಾವ ಅವಳನ್ನು ‘ಗುಂಡುಪಿನ್ನು’ ಎಂದು ಕರೆಯುತ್ತಿದ್ದರು, ಆ ಹೆಸರೇ ನಿಂತುಬಿಟ್ಟಿತ್ತು.

ಮಾವನೂ ಅದೇ ಕಾರ್ಖಾನೆಯವರು. ಮೂವತ್ತೈದು ವರ್ಷ ಕಚ್ಚಾಎಣ್ಣೆ ಕಾಯಿಸುವ ದೊಡ್ಡ ಗೋಪುರದ ಬುಡದಲ್ಲಿ ನಿಂತು ತಿರುಪು ತಿರುಗಿಸಿದವರು. ನಿವೃತ್ತಿಯಾದ ಮೇಲೆ ತಿರುಗಿಸುವುದಕ್ಕೆ ಏನೂ ಇಲ್ಲದೆ, ಮೊಮ್ಮಗಳಿಗೆ ಕಥೆ ಹೇಳಲು ಶುರುಮಾಡಿದರು. ಹೇಳುತ್ತಿದ್ದದ್ದು ಒಂದೇ ಕಥೆ.

“ಒಂದಾನೊಂದು ಕಾಲದಲ್ಲಿ ಇಲ್ಲೆಲ್ಲ ಸಮುದ್ರ ಇತ್ತು ಕಣೇ. ಅದ್ರಲ್ಲಿ ಧೂಳಿಗಿಂತ ಚಿಕ್ಕ ಚಿಕ್ಕ ಜೀವಗಳು. ಅವುಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ಬಿಸಿಲು ತಿನ್ನೋದು, ತೇಲೋದು, ಅಷ್ಟೇ ಕೆಲಸ.”

“ಪುಣ್ಯವಂತರು,” ಎನ್ನುತ್ತಿದ್ದಳು ಗುಂಡುಪಿನ್ನು.

“ಹೂಂ, ಸ್ಕೂಲೂ ಇರ್ಲಿಲ್ಲ. ಸತ್ತ ಮೇಲೆ ಮೆಲ್ಲಗೆ ಕೆಳಗೆ ಉದುರಿ ಉದುರಿ, ಮೇಲೆ ಕೆಸರು ಬಿದ್ದು, ಅದರ ಮೇಲೆ ಇನ್ನಷ್ಟು ಕೆಸರು ಬಿದ್ದು, ಭೂಮಿಯ ಬಿಸಿಗೆ ಬೆಂದು ಬೆಂದು ಕಪ್ಪೆಣ್ಣೆ ಆದ್ವು. ತಿಂದ ಬಿಸಿಲು ಮಾತ್ರ ಹೊಟ್ಟೇಲೇ ಇತ್ತು. ನಾವು ಅವನ್ನ ಎಬ್ಬಿಸಿ ತಂದು ಗೋಪುರದಲ್ಲಿ ಕಾಯಿಸ್ತೀವಿ. ಹಗುರ ಇದ್ದೋರು ಹಾರ್ಕೊಂಡು ಮೇಲಿನ ಮಹಡಿಗೆ, ಅವರೇ ಗ್ಯಾಸು, ಪೆಟ್ರೋಲು. ಸ್ವಲ್ಪ ಮೈಭಾರ ಇದ್ದೋರು ನಡೂಮಹಡಿಗೆ, ಅವರು ಸೀಮೆಎಣ್ಣೆ, ಡೀಸೆಲ್ಲು. ಏಳೋಕೇ ಆಗದ ಸೋಮಾರಿಗಳು ತಳದಲ್ಲೇ ಕೂತ್ಕೋತಾರೆ. ಅವರೇ ಡಾಂಬರು.”

“ಸುಟ್ಟ ಮೇಲೆ ಅವರೆಲ್ಲ ಎಲ್ಲಿಗೆ ಹೋಗ್ತಾರೆ ತಾತ?”

“ಗಾಳಿಗೆ.”

“ಗಾಳೀಲಿ ಅಷ್ಟೊಂದು ಜಾಗ ಇದೆಯಾ?”

ಮಾವ, “ಇದೆ ಅಂದ್ಕೊಂಡಿದ್ವಿ. ಈಗ ಇಲ್ಲ ಅಂತಾರೆ. ಅದಕ್ಕೇ ವರ್ಷವರ್ಷ ಸೆಕೆ ಜಾಸ್ತಿ,” ಎಂದರು. ಆ ಪ್ರಶ್ನೆ ಅವರಿಗೆ ಹಿಡಿಸಲಿಲ್ಲ. ಕೆಲಸದಲ್ಲಿದ್ದಾಗ ಯಾರೂ ಹಾಗೆ ಕೇಳಿರಲಿಲ್ಲ.

ಎರಡೂವರೆ ತಿಂಗಳಿಂದ ಕಥೆ ತಿರುಗುಮುರುಗಾಗಿತ್ತು. ಹೇಳುವವಳು ಗುಂಡುಪಿನ್ನು, ಕೇಳುವವರು ಉಳಿದವರು. ಅವಳಿಗೆ ಕನಸು ಬೀಳಲು ಶುರುವಾಗಿತ್ತು. ಎಂಥ ಕನಸುಗಳು ಅಂತೀರಿ. ಸ್ಕೂಲಿನಿಂದ ಬಂದವಳು ಹಿತ್ತಲಿಗೆ ಹೋಗಿ ಆಡಿ, ಒಳಗೆ ಬಂದು ಚಾಪೆಯ ಮೇಲೆ ಒರಗಿದಲ್ಲೇ ಕಣ್ಣು ಮುಚ್ಚುತ್ತಿದ್ದಳು. ಎದ್ದು ಹೇಳುತ್ತಿದ್ದಳು: “ನಮ್ಮನೆ ಸಮುದ್ರದ ತಳದಲ್ಲಿತ್ತು. ಮೇಲಿಂದ ಹಿಟ್ಟಿನ ಥರ ಏನೋ ಉದುರ್ತಿತ್ತು. ಬಾಗಿಲು ತೆಗೆದ್ರೆ ನೀರು ಒಳಗೆ ಬರ್ಲಿಲ್ಲ, ಹೊಸ್ತಿಲ ಹತ್ರ ನಿಂತ್ಕೊಂಡು, ‘ಬರ್ಲಾ?’ ಅಂತ ಕೇಳ್ತು.” ಇನ್ನೊಂದು ದಿನ, ಅಪ್ಪನ ಹಡಗು ಮನೆಯ ಚಾವಣಿಯ ಮೇಲೆ ಹಾದುಹೋಯಿತಂತೆ, ಹೊಟ್ಟೆ ಮಾತ್ರ ಕಾಣುತ್ತಿತ್ತಂತೆ, ಕೆಂಪಗೆ, ದೊಡ್ಡದಾಗಿ. ಮತ್ತೊಂದು ದಿನ ಅವಳ ಮೈ ಹಗುರಾಗಿ ಗೋಪುರದೊಳಗೆ ಮಹಡಿಯಿಂದ ಮಹಡಿಗೆ ಏರಿದಳಂತೆ, ಪ್ರತಿ ಮಹಡಿಯಲ್ಲೂ ಯಾರೋ “ನೀನು ನಮ್ಮವಳಲ್ಲ, ಇನ್ನೂ ಮೇಲೆ ಹೋಗು” ಎಂದರಂತೆ.

ಮನೆಯವರಿಗೆ ಹಿಗ್ಗೋ ಹಿಗ್ಗು. “ನಮ್ಮ ಮನೇಲಿ ಕಥೆಗಾರ್ತಿ ಹುಟ್ಟಿದಾಳೆ,” ಎಂದು ಮಾವ ಸಾಲಿನ ಹದಿನಾರು ಮನೆಗೂ ಸಾರಿದರು. ಗಂಡ ಹಡಗಿನಿಂದ ಫೋನು ಮಾಡಿದಾಗ ಹೆಂಡತಿಯ ಕ್ಷೇಮ ಕೇಳುವ ಮೊದಲು ಮಗಳ ಕನಸು ಕೇಳುತ್ತಿದ್ದ. ಮೂಗಿನಕ್ಕ ಸಂಜೆ ಪಾಳಿ ಮುಗಿಸಿ ಬಂದು, ಕೆಲಸದ ಬಟ್ಟೆಯಲ್ಲೇ ಮಗಳ ಪಕ್ಕ ಒರಗಿ, ಆ ಅರೆನಿದ್ದೆಯ ತೊದಲು ಮಾತು ಕೇಳುತ್ತಿದ್ದಳು. ಮಗಳು ಅವಳ ಅಂಗಿಯಲ್ಲಿ ಮುಖ ಹುದುಗಿಸಿ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದಳು. ಹುಟ್ಟಿದಾಗಿನಿಂದ ಅದೇ ಅಭ್ಯಾಸ. ಆ ಹೊತ್ತಿನಲ್ಲಿ ಮೂಗಿನಕ್ಕನಿಗೆ ಇದಕ್ಕಿಂತ ಸುಖ ಬೇರೆ ಇಲ್ಲ ಎನಿಸುತ್ತಿತ್ತು.

ಎಷ್ಟು ಕುರುಡರು ನೋಡಿ. ಮಗು ನಿದ್ದೆ ಮಾಡುತ್ತಿದ್ದದ್ದು ಹೆಚ್ಚಾಗಿತ್ತೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಸ್ಕೂಲಿನ ಟೀಚರಿಗೆ. ಹುಡುಗಿ ಪಾಠದ ಮಧ್ಯೆ ತೂಕಡಿಸುತ್ತಾಳೆ, ತಲೆನೋವು ಅಂತಾಳೆ, ಮೆಟ್ಟಿಲು ಹತ್ತಿದರೆ ಏದುಸಿರು, ಕಾಲ ಮೇಲೆ ಏಟು ಬೀಳದೆಯೇ ನೀಲಿ ಗುರುತುಗಳಿವೆ, ಎಂದು ಕರೆಸಿ ಹೇಳಿದರು. ಮೂಗಿನಕ್ಕ ಮಗಳ ಲಂಗ ಎತ್ತಿ ನೋಡಿದಳು. ಮೊಣಕಾಲ ಕೆಳಗೆ ನೇರಳೆ ಬಣ್ಣದ ಕಲೆಗಳಿದ್ದವು.

ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದ ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿದರು. “ರಕ್ತದಲ್ಲಿ ಇರಬೇಕಾದ್ದೆಲ್ಲ ಕಡಿಮೆ ಇದೆ. ಕೆಂಪು ಕಣ, ಬಿಳಿ ಕಣ, ಎಲ್ಲ. ಮೂಳೆಯೊಳಗೆ ರಕ್ತ ಹುಟ್ಟೋ ಜಾಗಕ್ಕೆ ಏನೋ ತೊಂದರೆ ಕೊಡ್ತಾ ಇದೆ. ಮನೇಲಿ ಪೇಂಟು, ಥಿನ್ನರು, ಪೆಟ್ರೋಲು, ಇಂಥದ್ದೇನಾದ್ರೂ ಇಡ್ತೀರಾ?”

“ಇಲ್ಲ ಡಾಕ್ಟ್ರೇ. ನಾನು ಕೆಲಸ ಮಾಡೋದು ಅಲ್ಲೇ, ಆದ್ರೆ ಮನೆಗೆ ಒಂದು ಹನಿ ತರೋದಿಲ್ಲ.”

“ಹುಡುಕಿ. ಏನೋ ಇರಲೇಬೇಕು. ಏನು ಅನ್ನೋದು, ಯಾವತ್ತಿಂದ ಅನ್ನೋದು, ಎರಡೂ ನನಗೆ ಗೊತ್ತಾಗಬೇಕು. ಅದು ನಿಲ್ಲದೆ ನಾನು ಏನು ಕೊಟ್ಟರೂ ಪ್ರಯೋಜನ ಇಲ್ಲ,” ಎಂದು ಡಾಕ್ಟರಮ್ಮ ಗುಂಡುಪಿನ್ನನ್ನು ವಾರ್ಡಿಗೆ ಸೇರಿಸಿಕೊಂಡರು.

ಮಗಳನ್ನು ಮಾವನ ಸುಪರ್ದಿಗೆ ಬಿಟ್ಟು ಮೂಗಿನಕ್ಕ ಮನೆಗೆ ಓಡಿದಳು. ಕಪಾಟು, ಮಂಚದ ಕೆಳಗು, ಅಟ್ಟ, ಎಲ್ಲ ಜಾಲಾಡಿದಳು. ಮೂಗಿದ್ದವಳಾಗಿದ್ದರೆ ಬಾಗಿಲಲ್ಲಿ ನಿಂತೇ ಹೇಳಬಹುದಿತ್ತು. ಈಗ ಒಂದೊಂದು ಡಬ್ಬಿಯನ್ನೂ ಕಣ್ಣಿಂದ ನೋಡಿ, ಬೆರಳಿಂದ ಸವರಿ ನೋಡಬೇಕಾಯಿತು. ತನ್ನ ಕೆಲಸದ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು. ಬಟ್ಟೆ ಮೆತ್ತಗಿತ್ತು. ಅಷ್ಟೇ ಗೊತ್ತಾದದ್ದು.

ಕೊನೆಗೆ ಮಗಳ ಕೋಣೆಗೆ ಬಂದು ಸೋತು ಕೂತಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿತ್ತು. ಕಿಟಕಿಕಟ್ಟೆಯ ಮೇಲೆ ಗುಂಡುಪಿನ್ನಿನ ‘ಲ್ಯಾಬು’ ಇತ್ತು. ಖಾಲಿ ಔಷಧಿ ಶೀಶೆಗಳಲ್ಲಿ ನೀರು ತುಂಬಿ, ಮುಚ್ಚಳ ಬಿಗಿದು, ಅಮ್ಮ ಮಾಡುವ ಹಾಗೆಯೇ ಚೀಟಿ ಅಂಟಿಸಿ ತಾರೀಖು ಬರೆದು ಸಾಲಾಗಿ ಇಟ್ಟಿದ್ದಳು. ಕಾರ್ಖಾನೆಯಲ್ಲಿ ಪ್ರತಿ ಟ್ಯಾಂಕಿನ ಒಂದು ಶೀಶೆಯನ್ನು ಮೂರು ತಿಂಗಳು ತೆಗೆದಿಡುತ್ತಾರೆ, ಮುಂದೆ ಯಾರಾದರೂ ತಕರಾರು ತೆಗೆದರೆ ತೋರಿಸುವುದಕ್ಕೆ. ಮಗಳೂ ಅದೇ ಪದ್ಧತಿ ಹಿಡಿದಿದ್ದಳು. ವಾರಕ್ಕೊಂದು, ಭಾನುವಾರ ಭಾನುವಾರ. ಒಟ್ಟು ಹದಿನಾಲ್ಕು. ಮೂಗಿನಕ್ಕ ಅವನ್ನು ದಿನವೂ ನೋಡುತ್ತಿದ್ದಳು, ಧೂಳು ಒರೆಸುತ್ತಿದ್ದಳು, ಓದಿರಲಿಲ್ಲ.

ಓದಿದಳು. ಮೊದಲ ಮೂರರ ಮೇಲೆ ಓರೆಕೋರೆ ಅಕ್ಷರದಲ್ಲಿ ‘ಪಂಪಿನ ನೀರು’ ಎಂದಿತ್ತು. ನಾಲ್ಕನೆಯದರಿಂದ ಮುಂದೆ ಹನ್ನೊಂದು ಶೀಶೆಗಳ ಮೇಲೂ ‘ಅಮ್ಮನ ನೀರು’ ಎಂದಿತ್ತು.

ಕೊನೆಯ ಶೀಶೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ವಾಲಿಸಿದಳು. ನೀರಿನ ಮೇಲೆ ಒಂದು ತೆಳು ಪೊರೆ, ಅದರಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣಗಳು ಒಂದರೊಳಗೊಂದು ಕರಗುತ್ತ ತೇಲುತ್ತಿದ್ದವು. ಚೆಂದ ಎಂದರೆ ಚೆಂದ. ಅಂಥ ಚೆಂದದ ಅರ್ಥ ಅವಳಿಗೆ ಹದಿನೆಂಟು ವರ್ಷದಿಂದ ಗೊತ್ತಿತ್ತು.

ಶೀಶೆಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ವಾಪಸು ಬಂದಳು. ಮೊದಲು ಮಾವನ ಮೂಗಿನ ಹತ್ತಿರ ಕೊನೆಯ ಶೀಶೆ ಹಿಡಿದಳು. ಮಾವ ಎರಡು ಸಲ ಮೂಸಿ, “ನೀರಮ್ಮ. ಬರೀ ನೀರು,” ಎಂದರು. ಮೂವತ್ತೈದು ವರ್ಷ ಗೋಪುರದ ಬುಡದಲ್ಲಿ ನಿಂತ ಮೂಗು ಅದು. ಆ ಸಾಲಿನ ಹದಿನಾರು ಮನೆಗಳಲ್ಲೂ ಅಂಥವೇ ಮೂಗುಗಳು. ಅವರಿಗೆ ಪೆಟ್ರೋಲಿನ ವಾಸನೆ ಎಂದರೆ ಗಾಳಿ, ಅಷ್ಟೇ.

ಗುಂಡುಪಿನ್ನು ದಿಂಬಿಗೊರಗಿ ಕೂತಿದ್ದಳು. ತನ್ನ ಶೀಶೆಗಳನ್ನು ನೋಡಿ ಮುಖ ಅರಳಿತು. “ನನ್ನ ಲ್ಯಾಬನ್ನ ಇಲ್ಲಿಗೇ ತಂದ್ಯಾ ಅಮ್ಮ?”

“ಹೂಂ ಮಗಳೇ. ಇದಕ್ಕೆ ಯಾಕೆ ಅಮ್ಮನ ನೀರು ಅಂತ ಹೆಸರಿಟ್ಟಿದ್ದೀಯ?”

“ನಿನ್ನ ವಾಸನೆ ಬರುತ್ತಲ್ಲ, ಅದಕ್ಕೆ. ಮೊದಲು ಬರ್ತಿರ್ಲಿಲ್ಲ. ಆಮೇಲೆ ಒಂದಿನ ಪಂಪು ಒತ್ತಿದ್ರೆ ನೀನು ಬಂದೆ.”

“ನೀನು ಇದನ್ನ... ಕುಡಿದ್ಯಾ?”

ಮಗಳು ತಪ್ಪು ಮಾಡಿದವಳ ಹಾಗೆ ಉಗುರು ನೋಡಿಕೊಂಡಳು. “ನೀನು ಸಂಜೆ ಪಾಳಿಗೆ ಹೋದಾಗ ಮಾತ್ರ. ಒಂದೇ ಲೋಟ. ಕುಡಿದ್ರೆ ನೀನು ಪಕ್ಕದಲ್ಲಿ ಮಲಗಿದ ಹಾಗೆ ಆಗತ್ತೆ. ಬೇಗ ನಿದ್ದೆ ಬರತ್ತೆ. ಕನಸೂ ಬೀಳತ್ತೆ.”

ಮೂಗಿನಕ್ಕ ಮಗಳ ಗುಂಗುರು ತಲೆಯನ್ನು ಎದೆಗೆ ಒತ್ತಿಕೊಳ್ಳಲು ಹೋಗಿ, ಮೈಮೇಲಿನ ಕೆಲಸದ ಅಂಗಿಯ ನೆನಪಾಗಿ, ಕೈ ಹಿಂದಕ್ಕೆಳೆದುಕೊಂಡಳು. ಮಾವ ಗೋಡೆಯ ಕಡೆ ತಿರುಗಿ ನಿಂತರು. ಕಥೆಗಾರ್ತಿ ಹುಟ್ಟಿದಾಳೆ ಎಂದು ಬೀದಿಗೆಲ್ಲ ಸಾರಿದ್ದು ಅವರಿಗೀಗ ನೆನಪಾಗಿರಬೇಕು. ಆ ಕನಸುಗಳನ್ನೆಲ್ಲ ಕಾಯಿಸಿ ಕೊಟ್ಟದ್ದು ಅವರ ಗೋಪುರವೇ.

ಅವಳು ನೇರ ಲ್ಯಾಬಿಗೆ ಹೋದಳು. ಹದಿನಾಲ್ಕು ಶೀಶೆಗಳನ್ನು ತಾರೀಖಿನ ಪ್ರಕಾರ ಸಾಲಾಗಿಟ್ಟಳು. ಪ್ರತಿಯೊಂದರಿಂದ ಸ್ವಲ್ಪ ನೀರು ಚಿಕ್ಕ ಶೀಶೆಗೆ ಹಾಕಿ, ಬೆಚ್ಚಗೆ ಮಾಡಿ, ನೀರಿನ ಮೇಲೆ ನಿಂತ ಗಾಳಿಯನ್ನು ಸೂಜಿಯಲ್ಲಿ ಎಳೆದು ಯಂತ್ರಕ್ಕೆ ಚುಚ್ಚಿದಳು. ಆ ಯಂತ್ರದ ಹೊಟ್ಟೆಯಲ್ಲಿ ಕೂದಲೆಳೆಯಂಥ ಟ್ಯೂಬು, ಬಿಚ್ಚಿದರೆ ಮೂವತ್ತು ಮೀಟರು ಉದ್ದ, ಸುರುಳಿ ಸುತ್ತಿಕೊಂಡು ಬಿಸಿಯಲ್ಲಿ ಮಲಗಿರುತ್ತದೆ. ಒಳಗೆ ಹೋದವರೆಲ್ಲ ಅದರಲ್ಲಿ ಓಡಬೇಕು. ಹಗುರದವರು ಮೊದಲು ಹೊರಗೆ ಬರುತ್ತಾರೆ, ಭಾರದವರು ತಡವಾಗಿ. ಒಬ್ಬೊಬ್ಬರು ಬಂದಾಗಲೂ ಪರದೆಯ ಮೇಲಿನ ಗೆರೆ ಒಂದು ಗುಡ್ಡದಷ್ಟು ಎದ್ದು ಇಳಿಯುತ್ತದೆ.

ಒಂದು ಶೀಶೆಗೆ ಹತ್ತು ನಿಮಿಷ. ಅವಳು ಸ್ಟೂಲಿನ ಮೇಲೆ ಕೂತು ಗೆರೆಯನ್ನೇ ನೋಡುತ್ತಿದ್ದಳು. ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಹೊರಗೆ ಚಿಮಣಿಯ ತುದಿಯ ಜ್ವಾಲೆ ಬಿಸಿಲಿನಲ್ಲಿ ಬಣ್ಣವಿಲ್ಲದೆ ಅಲುಗುತ್ತಿತ್ತು. ಮೊದಲನೆಯದು ಚಪ್ಪಟೆ. ಎರಡನೆಯದು ಚಪ್ಪಟೆ. ಮೂರನೆಯದರ ಹೊತ್ತಿಗೆ ಅವಳಿಗೆ ಕಣ್ಣು ತೆರೆದೇ ಕನಸು ಬಿದ್ದಂತಾಯಿತು. ಕೋಣೆ ಸಮುದ್ರದ ತಳಕ್ಕೆ ಇಳಿದಿತ್ತು, ಮೇಲಿಂದ ಹಿಟ್ಟು ಉದುರುತ್ತಿತ್ತು, ಆ ಹಿಟ್ಟಿನ ಮಧ್ಯೆ ಮಗಳು ಬಾಯಿಲ್ಲದ, ಹೊಟ್ಟೆಯಿಲ್ಲದ ಜೀವಗಳ ಜೊತೆ ತೇಲುತ್ತಿದ್ದಳು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಕೈ ಚಾಚಿದಳು. ಬೆರಳಿಗೆ ಪರದೆಯ ಗಾಜು ತಾಗಿತು.

ನಾಲ್ಕನೆಯ ಶೀಶೆಯ ಗೆರೆ ಎದ್ದಿತು. ಚಿಕ್ಕದೊಂದು ದಿಬ್ಬ. ಆರು ಇಂಗಾಲದ ಕಣಗಳು ಕೈಕೈ ಹಿಡಿದು ಉಂಗುರ ಕಟ್ಟಿಕೊಂಡು ನಿಂತರೆ ಆಗುವ ವಸ್ತು ಅದು, ಬೆಂಜೀನು. ನೋಡಲು ಮಕ್ಕಳ ಆಟದ ಹಾಗೆ, ಸೇರುವುದು ಮಾತ್ರ ಮೂಳೆಯ ಒಳಗೆ. ಅದರ ಹಿಂದೆ ಅದರ ಬಂಧುಬಳಗ. ಐದನೆಯ ಶೀಶೆಯಲ್ಲಿ ದಿಬ್ಬ ಗುಡ್ಡವಾಯಿತು, ಹದಿನಾಲ್ಕನೆಯದರಲ್ಲಿ ಪರದೆಯ ತುದಿ ಮುಟ್ಟಿತು. ಕಾರ್ಖಾನೆಯ ಟ್ಯಾಂಕುಗಳಿಂದ ತೆಗೆದಿಟ್ಟ ಶೀಶೆಗಳ ಗೆರೆಗಳನ್ನು ಪಕ್ಕದಲ್ಲಿಟ್ಟು ನೋಡಿದಳು. ಮೂರನೇ ಟ್ಯಾಂಕಿನ ಪೆಟ್ರೋಲು, ಅದೇ ಗುಡ್ಡಗಳು, ಅದೇ ಕಣಿವೆಗಳು. ಮುಖ ನೋಡಿ ಗುರುತು ಹಿಡಿದ ಹಾಗೆ ಹಿಡಿದಳು. ಆ ಟ್ಯಾಂಕಿನಿಂದ ಲಾರಿ ತುಂಬುವ ಅಂಗಳಕ್ಕೆ ಹೋಗುವ ಪೈಪು ಏಳನೇ ಕೊಳವೆಯ ಹತ್ತಿರವೇ ಮಣ್ಣಿನೊಳಗೆ ಹಾದುಹೋಗಿತ್ತು.

ಯಂತ್ರ ಹೇಳಿದ್ದನ್ನು ಮಗಳ ಚೀಟಿಗಳು ಮೊದಲೇ ಹೇಳಿದ್ದವು. ಗೆರೆ ಎದ್ದ ವಾರವೇ ಹೆಸರೂ ಬದಲಾಗಿತ್ತು.

ಆಮೇಲೆ ರಿಜಿಸ್ಟರು ತೆಗೆದಳು. ತೆಗೆಯದೆಯೂ ಗೊತ್ತಿತ್ತು. ಏಳನೇ ಕೊಳವೆಯ ಕಳೆದ ಮೂರು ಸಾಲುಗಳು ಆ ನಾಲ್ಕನೇ ವಾರದ ಈಚಿನವೇ. ಮೂರರಲ್ಲೂ ಅವಳದೇ ದುಂಡು ಅಕ್ಷರ: ವಾಸನೆ ಇಲ್ಲ. ಎರಡೂವರೆ ತಿಂಗಳ ಹಿಂದೆ ಅವಳು ‘ನನಗೆ ಗೊತ್ತಾಗ್ತಿಲ್ಲ, ಯಂತ್ರಕ್ಕೆ ಹಾಕಿ’ ಎಂದು ಒಂದೇ ಒಂದು ಮಾತು ಹೇಳಿದ್ದರೆ, ಆ ವಾರವೇ ಪೈಪು ಅಗೆಯುತ್ತಿದ್ದರು. ಹಾಳು ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಮಗಳ ರಕ್ತಕ್ಕೆ ಕೈ ಹಾಕಿದ್ದಳು. ಅಲ್ಲಿಯೇ ಬಿಕ್ಕಿಬಿಕ್ಕಿ ಅತ್ತಳು, ಸೀರೆಯ ಸೆರಗಿಲ್ಲದ ಕೆಲಸದ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡಳು, ಮುಖ್ಯಸ್ಥರ ಕೋಣೆಗೆ ಹೋದಳು.

ಮುಖ್ಯಸ್ಥರು ಒಳ್ಳೆಯವರು. ಹಾಳೆಗಳನ್ನು ನೋಡಿದವರೇ ಫೋನೆತ್ತಿ ಮೂರನೇ ಟ್ಯಾಂಕಿನ ಪೈಪು ಮುಚ್ಚಿಸಿದರು. ಆಮೇಲೆ ಕನ್ನಡಕದ ಮೇಲಿಂದ ನೋಡುತ್ತ, “ಇವತ್ತಿನ ತಾರೀಖು ಹಾಕಿ ‘ವಾಸನೆ ಇದೆ’ ಅಂತ ಬರಿ. ನಾಳೆಯಿಂದ ಅಗೆತ ಶುರು. ಹಿಂದಿನದು ಹಿಂದಕ್ಕೆ ಹೋಯ್ತು, ಅದನ್ನ ಕೆದಕಿ ನೀನು ಯಾಕೆ ತಲೆ ಮೇಲೆ ಎಳ್ಕೋತೀಯ? ಕಳೆದ ತಿಂಗಳು ವಾಸನೆ ಇರ್ಲಿಲ್ಲ, ಈ ತಿಂಗಳು ಬಂತು. ಯಾರು ಕೇಳ್ತಾರೆ?” ಎಂದರು.

ಹಾಗೇ ಬರೆದುಬಿಡಲು ಅವಳಿಗೆ ಒಂದು ಗಳಿಗೆ ಆಸೆಯಾಯಿತು. ನಾನು ಸುಳ್ಳು ಹೇಳಲಾರೆ, ಆಗಿಯೇ ಆಯಿತು.

“ಡಾಕ್ಟ್ರು ಕೇಳ್ತಾರೆ ಸರ್. ಯಾವತ್ತಿಂದ ಅಂತ. ನನ್ನ ಮಗಳಿಗೊಬ್ಬಳಿಗೇ ಅಲ್ಲ. ಸಾಲಿನಲ್ಲಿ ಹದಿನಾರು ಮನೆ ಇದೆ, ಹದಿನಾರು ಪಂಪಿದೆ, ಮಕ್ಕಳಿದಾರೆ. ಈ ತಿಂಗಳು ಬಂತು ಅಂತ ಬರೆದ್ರೆ ಯಾರೂ ಹೋಗಿ ರಕ್ತ ತೋರಿಸ್ಕೊಳ್ಳೋದಿಲ್ಲ.”

“ಆದ್ರೆ ನೀನೇ ಮೂಸಿ ಇಲ್ಲ ಅಂತ ಬರೆದಿದೀಯಲ್ಲ. ನಿನ್ನ ಮೂಗು ತಪ್ಪೋದಿಲ್ಲ.”

“ನನಗೆ ವಾಸನೆ ಬರೋದಿಲ್ಲ ಸರ್. ಐದು ತಿಂಗಳಾಯ್ತು.”

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಹೆಸರು ಇಟ್ಟವರು ಅವರೇ ಅಲ್ಲವೇ. ರಿಜಿಸ್ಟರನ್ನು ಅವಳ ಕಡೆ ತಳ್ಳಿ, ಪೆನ್ನು ಕೊಟ್ಟರು.

ಲ್ಯಾಬಿನ ರಿಜಿಸ್ಟರಿನಲ್ಲಿ ಯಾವುದನ್ನೂ ಅಳಿಸುವ ಹಾಗಿಲ್ಲ, ಗೀಚುವ ಹಾಗಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರುವ ಹಾಗೆ, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಅವಳು ಐದು ತಿಂಗಳ ಅರವತ್ತು ಸಾಲಿಗೂ ಗೆರೆ ಎಳೆದಳು. ಅರವತ್ತು ಸಲ ಬರೆದಳು: ಮೂಸಿದವಳಿಗೆ ವಾಸನೆ ತಿಳಿಯುವುದಿಲ್ಲ. ಅರವತ್ತು ಸಹಿ. ಕೈ ನೋಯತೊಡಗಿದ್ದು ಒಳ್ಳೆಯದೇ ಎನಿಸಿತು. ಎಲ್ಲ ಮುಗಿದ ಮೇಲೆ ಹೊಸ ಸಾಲುಗಳು, ಹನ್ನೊಂದು ಶೀಶೆಗೆ ಹನ್ನೊಂದು. ಸ್ಯಾಂಪಲ್ ಎಲ್ಲಿಯದು: ಮನೆಯ ಹಿತ್ತಲ ಕೈಪಂಪು. ವಾಸನೆ: ಇದೆ. ಎಂಥದು ಎಂಬ ಕಡೆ ಪೆನ್ನು ಸ್ವಲ್ಪ ತಡೆಯಿತು. ಆಮೇಲೆ ಬರೆದಳು: ಅಮ್ಮನದು. ಪರೀಕ್ಷೆ ಮಾಡಿದವರು: ಮಗಳು, ಏಳು ವರ್ಷ.

ಮುಖ್ಯಸ್ಥರು ಓದಿ, ಕೆಳಗೆ ತಮ್ಮ ಸಹಿ ಹಾಕಿದರು.

ಆ ವಾರವೇ ಹದಿನಾರು ಪಂಪುಗಳ ಹಿಡಿಕೆ ಬಿಚ್ಚಿದರು. ಮಣ್ಣು ಅಗೆದಾಗ ಪೈಪಿನ ಬೆಸುಗೆಯಲ್ಲಿ ಸಿಕ್ಕಿದ ಬಿರುಕು ಉಗುರಿನಷ್ಟೂ ಉದ್ದವಿರಲಿಲ್ಲ. ಸಾಲಿನ ಮಕ್ಕಳೆಲ್ಲ ರಕ್ತ ಕೊಟ್ಟು ಬಂದರು. ಇಬ್ಬರಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿತು, ಬೇಗ ಕಂಡಿತು. ಕೆಲವರು ಮೂಗಿನಕ್ಕನ ಜೊತೆ ಮಾತು ಬಿಟ್ಟರು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಲ್ಯಾಬಿನ ಕೆಲಸದಿಂದ ತೆಗೆದು ಅವಳನ್ನು ಕಾಗದಪತ್ರದ ಕೋಣೆಗೆ ಹಾಕಿದರು. ಮೂಗಿನಕ್ಕ ಎಂದು ಈಗ ಯಾರೂ ಕರೆಯುತ್ತಿರಲಿಲ್ಲ.

ಗುಂಡುಪಿನ್ನಿನ ವಿಷಯದಲ್ಲಿ ಡಾಕ್ಟರಮ್ಮ ಮಾತು ಕೊಡಲಿಲ್ಲ. “ನಿಂತಿದೆ, ಅದೇ ದೊಡ್ಡದು. ಯಾವತ್ತಿಂದ ಅಂತ ನೀವು ಹೇಳಿದ್ರಿ, ಅದು ಇನ್ನೂ ದೊಡ್ಡದು. ಮಕ್ಕಳ ಮೈ ಹಠಮಾರಿ, ರಕ್ತದ ಕಣಗಳು ಮತ್ತೆ ಏರಬಹುದು. ವರ್ಷಗಟ್ಟಲೆ ನೋಡ್ಕೊಂಡು ಇರಬೇಕು,” ಎಂದರು. ಮೂರನೇ ವಾರದ ರಕ್ತದಲ್ಲಿ ಅಂಕಿಗಳು ಕೂದಲೆಳೆಯಷ್ಟು ಮೇಲೆದ್ದಿದ್ದವು. ಕನಸು ಬೀಳುವುದು ನಿಂತಿತ್ತು. ಫೋನಿನಲ್ಲಿ ಅಪ್ಪ ಕೇಳಿದರೆ, “ಇವತ್ತೂ ಏನೂ ಇಲ್ಲ ಅಪ್ಪ, ಬರೀ ನಿದ್ದೆ,” ಎನ್ನುತ್ತಿದ್ದಳು. ಅವನು ಅದನ್ನು ಕೇಳಿ ಅತ್ತುಬಿಟ್ಟನಂತೆ.

ಒಂದು ದಿನ ಬೆಳಿಗ್ಗೆ ಅಮ್ಮ ಆಸ್ಪತ್ರೆಗೆ ಬಂದಾಗ ಮಗಳು ಎದ್ದು ಕೂತಿದ್ದಳು. ಕೆಲಸದ ಬಟ್ಟೆಯಿಲ್ಲದೆ, ಸೋಪು ಹಚ್ಚಿ ತಲೆಗೆ ಸ್ನಾನ ಮಾಡಿ ಬಂದ ಅಮ್ಮ. ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಗುಂಡುಪಿನ್ನು ಅಮ್ಮನೇ ಕಲಿಸಿದ ಹಾಗೆ ಲೋಟದ ಮೇಲೆ ಅಂಗೈಯಿಂದ ಗಾಳಿ ಬೀಸಿಕೊಂಡು, ಕಣ್ಣು ಅರ್ಧ ಮುಚ್ಚಿ, ಮೂಸಿ ನೋಡಿದಳು. ಆಮೇಲೆ ಲೋಟ ಕೆಳಗಿಟ್ಟಳು.

“ವಾಸನೆ ಇಲ್ಲ.”

“ಸರಿಯಾಗಿ ನೋಡಿದ್ಯಾ?”

“ಎರಡು ಸಲ. ಇದ್ರಲ್ಲಿ ನೀನು ಇಲ್ಲ ಅಮ್ಮ.”

“ಇಲ್ಲ ಮಗಳೇ. ನಾನು ಇಲ್ಲೇ ಪಕ್ಕದಲ್ಲಿದೀನಿ. ಕುಡಿ.”

ಮಗಳು ಅಮ್ಮನ ತೋಳಿಗೆ ಮೂಗು ಒತ್ತಿ ಒಂದು ಸಲ ಮೂಸಿದಳು. ಅಲ್ಲೂ ಏನೂ ಸಿಗಲಿಲ್ಲ. ಆದರೂ ಆ ತೋಳನ್ನು ಬಿಡದೆ ಹಿಡಿದುಕೊಂಡೇ ನೀರು ಕುಡಿದಳು.